ನಾಲ್ಕು ಹಸುವಿನ ಮನೆಗೆ ವಾರಕ್ಕೆ ಒಂದು ಹೊತ್ತಾದರೂ ಬಿಡುವು ಸಿಗುವುದು ಹೇಗೆ?

ರಾಗಿಕಣ (ಪ್ರಶ್ನೆ)

ಚನ್ನರಾಯಪಟ್ಟಣದ ಕಡೆಯ ಹಳ್ಳಿ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ಇಬ್ಬರಿಗೂ ಐವತ್ತೈದು ದಾಟಿದೆ. ನಾಲ್ಕು ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸು, ಒಂದು ಹೆಣ್ಣು ಕರು. ಮೂರು ಹಸು ಕರೆಯುತ್ತಿವೆ, ದಿನಕ್ಕೆ 11, 9 ಮತ್ತು 6 ಲೀಟರ್. ನಾಲ್ಕನೆಯದು ಎಂಟು ತಿಂಗಳ ಗಬ್ಬ, ಬತ್ತಿಸಿದ್ದಾರೆ, ಅಂದರೆ ಕರೆಯುವುದನ್ನು ನಿಲ್ಲಿಸಿದ್ದಾರೆ. ಒಂದೂವರೆ ಎಕರೆ ರಾಗಿ, ಅರ್ಧ ಎಕರೆ ನೇಪಿಯರ್ ಹುಲ್ಲು. ಬೋರ್‌ವೆಲ್ ಇದೆ, ಕರೆಂಟು ಮಾತ್ರ ಪಾಳಿ ಪ್ರಕಾರ.

ಇಬ್ಬರ ಕೆಲಸ ಒಟ್ಟು ಸೇರಿಸಿ ಲೆಕ್ಕ ಹಾಕಿದರೆ ದಿನಕ್ಕೆ ಹೀಗಿದೆ: ಎರಡು ಹೊತ್ತು ಹಾಲು ಕರೆಯಲು 1 ಗಂಟೆ, ಮೇವು ಕೊಯ್ದು ಹೊತ್ತು ತರಲು 2 ಗಂಟೆ, ಮೇವು ಕತ್ತರಿಸುವ ಚಾಫ್ ಕಟರ್‌ಗೆ ಹಾಕಲು 40 ನಿಮಿಷ, ಸಗಣಿ ಬಾಚಿ ಕೊಟ್ಟಿಗೆ ತೊಳೆಯಲು ಒಂದೂವರೆ ಗಂಟೆ, ನೀರು ಹೊತ್ತು ಕುಡಿಸಲು 50 ನಿಮಿಷ, ಡೇರಿಗೆ ಹೋಗಿ ಬರಲು ಎರಡೂ ಹೊತ್ತು ಸೇರಿ 1 ಗಂಟೆ, ಪಾತ್ರೆ, ಫೀಡು (ಪಶು ಆಹಾರ), ಕರು ಅಂತ ಮುಕ್ಕಾಲು ಗಂಟೆ. ಒಟ್ಟು ಏಳು ಮುಕ್ಕಾಲು ಗಂಟೆ. ಇದರ ಮೇಲೆ ಹೊಲದ ಕೆಲಸ, ಅಡಿಗೆ. ವರ್ಷದ 365 ದಿನವೂ ಇದೇ ಪಾಡು. ಡೇರಿ ಬೆಳಿಗ್ಗೆ 6ರಿಂದ 7:30, ಸಂಜೆ 5ರಿಂದ 6:30.

ಅಮ್ಮನಿಗೆ ರಾತ್ರಿ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ. ಕೇಳಬೇಕಾದದ್ದು ಮೂರು. ಹಾಲು ಕರೆಯುವ ಮೆಷಿನ್ ತಂದರೆ ಬಿಡುವು ಸಿಗುತ್ತದಾ? ವಾರದಲ್ಲಿ ಒಂದು ಸಂಜೆ ಪೂರ್ತಿ ಖಾಲಿ ಮಾಡಿಕೊಳ್ಳಲು ಆಗುತ್ತದಾ? ಎರಡು ದಿನ ನೆಂಟರ ಮನೆಗೆ ಹೋಗಬೇಕೆಂದರೆ ಏನು ವ್ಯವಸ್ಥೆ? ಹಸು ಮಾರುವ ಯೋಚನೆ ಇಲ್ಲ.

ಹಿಂಡಿಬೂಸಾ

ಲೆಕ್ಕ ಬರೆದು ಕೇಳಿದ್ದು ಒಳ್ಳೆಯದಾಯಿತು, ಉತ್ತರ ಅದರಲ್ಲೇ ಇದೆ. ಗಡಿಯಾರ ನೋಡಿ ಮಾಡಲೇಬೇಕಾದ ಕೆಲಸ ಎರಡೇ, ಕರೆಯುವುದು ಮತ್ತು ಡೇರಿ. ಅದು 2 ಗಂಟೆ. ಉಳಿದ ಐದು ಮುಕ್ಕಾಲು ಗಂಟೆಯ ಕೆಲಸವನ್ನು ಹಿಂದೆ ಮುಂದೆ ಮಾಡಬಹುದು, ಕೆಲವನ್ನು ಇಲ್ಲವೇ ಇಲ್ಲ ಅನ್ನಿಸಬಹುದು. ಎಲ್ಲರೂ ಮೊದಲು ಮೆಷಿನ್ ಕಡೆ ಕಣ್ಣು ಹಾಕುತ್ತಾರೆ. ಅದು ಮುಟ್ಟುವುದು ಆ ಒಂದು ಗಂಟೆಯನ್ನು ಮಾತ್ರ.

ಮೊದಲು ನೀರು. 10 ಲೀಟರ್ ಹಾಲು ಕೊಡುವ ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಬಕೆಟ್ಟಿನಲ್ಲಿ ಎರಡು ಮೂರು ಸಲ ಕುಡಿಸಿದರೆ ಅಷ್ಟು ಹೋಗುವುದಿಲ್ಲ, ಹಾಲೂ ಅಷ್ಟಕ್ಕೇ ನಿಲ್ಲುತ್ತದೆ. 500 ಲೀಟರಿನ ಸಿಂಟೆಕ್ಸ್ ಟ್ಯಾಂಕನ್ನು ನಾಲ್ಕೈದು ಅಡಿ ಎತ್ತರದ ಕಟ್ಟೆ ಮೇಲಿಡಿ. ಕೆಳಗೆ ನಾಲ್ಕು ಅಡಿ ಉದ್ದ, ಒಂದು ಅಡಿ ಆಳದ ಸಿಮೆಂಟ್ ತೊಟ್ಟಿ, ಅಂಚು ನೆಲದಿಂದ ಎರಡು ಅಡಿ ಚಿಲ್ಲರೆ ಎತ್ತರ, ಒಳಗೆ ಫ್ಲೋಟ್ ವಾಲ್ವ್, ಅಂದರೆ ತೊಟ್ಟಿ ತುಂಬಿದಾಗ ತಾನೇ ನೀರು ನಿಲ್ಲಿಸುವ ನಲ್ಲಿ. ಕರೆಂಟು ಬಂದಾಗ ಟ್ಯಾಂಕ್ ತುಂಬುತ್ತದೆ, ಹಸು ಬೇಕಾದಾಗ ಕುಡಿಯುತ್ತದೆ. 50 ನಿಮಿಷ ಮತ್ತು ಹೊರುವ ಸೊಂಟನೋವು ಎರಡೂ ಅಲ್ಲಿಗೆ ಮುಗಿಯಿತು. ಕೆಡುವುದು ಎರಡು ಕಡೆ. ಒಂದು, ಹಸು ಮೂತಿಯಲ್ಲಿ ಆಡಿ ಆಡಿ ಫ್ಲೋಟ್ ಮುರಿಯುತ್ತದೆ. ತೊಟ್ಟಿಯ ಒಂದು ಮೂಲೆಯಲ್ಲಿ ತಗಡು ಅಥವಾ ಕಡಪ ಕಲ್ಲು ಅಡ್ಡ ನಿಲ್ಲಿಸಿ ಅದರ ಹಿಂದೆ ಫ್ಲೋಟ್ ಹಾಕಿ, ಕೆಳಗೆ ನೀರು ಹರಿಯಲು ಒಂದಿಂಚು ಸಂದು ಬಿಡಿ. ಎರಡು, ಬಾಯಿಂದ ಉದುರುವ ಫೀಡು ಕೊಳೆತು ಪಾಚಿ ಕಟ್ಟುತ್ತದೆ. ತಳದಲ್ಲಿ ಬಿರಡೆ ಇರಲಿ, ವಾರಕ್ಕೆ ಎರಡು ಸಲ ಖಾಲಿ ಮಾಡಿ ಉಜ್ಜಿ, ಹದಿನೈದು ದಿನಕ್ಕೊಮ್ಮೆ ಒಳಗೆ ಸುಣ್ಣ ಬಳಿಯಿರಿ. ಟ್ಯಾಂಕಿನಿಂದ ಬರುವ ಪೈಪು ಅರ್ಧ ಇಂಚು ಬೇಡ. ಅಷ್ಟು ಕಡಿಮೆ ಎತ್ತರಕ್ಕೆ ನೀರು ತೊಟ್ಟಿಕ್ಕುತ್ತದೆ, ಹಸು ಕಾಯುವುದಿಲ್ಲ. ಒಂದು ಇಂಚು ಹಾಕಿ.

ಆಮೇಲೆ ಮೇವು. ದಿನಾ 100 ಕೆಜಿ ಹಸಿಮೇವು ಕೊಯ್ಯುವುದೇ ನಿಮ್ಮ ಮನೆಯವರ ಬೆನ್ನು ಮುರಿಯುತ್ತಿರುವುದು. ಇದಕ್ಕೆ ಮದ್ದು ರಸಮೇವು, ಅಂದರೆ ಸೈಲೇಜ್, ಹಸಿಮೇವನ್ನು ಕತ್ತರಿಸಿ ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿದ್ದು. ಆದರೆ ಗುಂಡಿ ತೋಡಬೇಡಿ! ನಾಲ್ಕು ಹಸುವಿಗೆ ಗುಂಡಿ ಸರಿಹೋಗುವುದಿಲ್ಲ. ಕಾರಣ ಹೇಳುತ್ತೇನೆ. 2 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಗುಂಡಿ ಅಂದುಕೊಳ್ಳಿ. ದಿನಾ 50 ಕೆಜಿ ತೆಗೆದರೆ ಆ ಮುಖದಲ್ಲಿ ಮೂರು ಸೆಂಟಿಮೀಟರ್ ಮಾತ್ರ ಒಳಗೆ ಹೋಗುತ್ತೀರಿ. ಕನಿಷ್ಠ 10 ಸೆಂಟಿಮೀಟರ್ ಹೋಗದಿದ್ದರೆ ಗಾಳಿ ತಾಗಿದ ಭಾಗ ಬಿಸಿಯಾಗಿ ಬೂಸ್ಟು ಹಿಡಿಯುತ್ತದೆ. ಅದನ್ನೇ ತಿನ್ನಿಸಿ ಆಮೇಲೆ ಹಸುವಿಗೆ ಭೇದಿಯಾಗುತ್ತದೆ, ಹಾಲು ಇಳಿಯಿತು ಅಂತ ಸೈಲೇಜನ್ನು ಬೈಯುತ್ತಾರೆ.

ನಿಮಗೆ ಸರಿ 50 ಕೆಜಿ ಚೀಲ. ಹಸುವಿಗೆ 12 ಕೆಜಿಯಂತೆ ನಾಲ್ಕಕ್ಕೆ 48 ಕೆಜಿ, ದಿನಕ್ಕೆ ಒಂದು ಚೀಲ ಬಿಚ್ಚಿದರೆ ಅವತ್ತೇ ಖರ್ಚು. ನೇಪಿಯರ್ ಇದಕ್ಕೆ ಅಷ್ಟು ಒಗ್ಗುವುದಿಲ್ಲ, ನೀರು ಜಾಸ್ತಿ, ಸಕ್ಕರೆ ಕಡಿಮೆ. ಮುಸುಕಿನ ಜೋಳ ಬಿತ್ತಿ. ತಳಿ ನೋಡಿಕೊಂಡು 80ರಿಂದ 95 ದಿನಕ್ಕೆ, ಕಾಳು ಹಾಲು ಕಳೆದು ಹಿಟ್ಟಾಗುವ ಹಂತದಲ್ಲಿ ಕೊಯ್ಯಿರಿ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಅರ್ಧ ನಿಮಿಷ ಹಿಂಡಿ ಬಿಡಿ. ನೀರು ತೊಟ್ಟಿಕ್ಕಿದರೆ ಇನ್ನೂ ಎಳೆಯದು, ಉಂಡೆ ತಟ್ಟನೆ ಚೆದುರಿದರೆ ಒಣಗಿ ಹೋಗಿದೆ. ಕೈ ತೇವವಾಗಿ ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ ಅದೇ ಹದ. ತುಂಡು 2 ಸೆಂಟಿಮೀಟರ್ ಇರಲಿ, ಉದ್ದವಿದ್ದರೆ ನಡುವೆ ಗಾಳಿ ಉಳಿಯುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್, ಹೊರಗೆ ಗೊಬ್ಬರದ ಚೀಲದಂಥದ್ದು. ಗೇಣು ಗೇಣು ತುಂಬಿ ತುಳಿಯಬೇಕು. ಕೊನೆಗೆ ಪ್ಲಾಸ್ಟಿಕ್ಕಿನ ಕತ್ತು ತಿರುಚಿ, ಮಡಚಿ, ಹಳೆ ಟ್ಯೂಬಿನ ಪಟ್ಟಿಯಲ್ಲಿ ಬಿಗಿಯಿರಿ. 45 ದಿನ ಮುಟ್ಟಬೇಡಿ. ಇಲಿ ಮಾತ್ರ ದೊಡ್ಡ ಶತ್ರು, ಒಂದು ತೂತು ಬಿದ್ದರೆ ಆ ಚೀಲದ ಕಾಲುಭಾಗ ಕಪ್ಪಾಗುತ್ತದೆ. ಅಟ್ಟಣೆ ಮೇಲಿಟ್ಟು ವಾರಕ್ಕೊಮ್ಮೆ ನೋಡಿ, ತೂತು ಕಂಡ ಕೂಡಲೇ ಟೇಪು ಹಚ್ಚಿ. ಹಳದಿ ಹಸಿರು ಬಣ್ಣ, ಹುಳಿ ವಾಸನೆ ಇದ್ದರೆ ಚೆನ್ನಾಗಿದೆ. ಕಪ್ಪು, ಬೂಸ್ಟು, ಕೊಳೆತ ವಾಸನೆ ಬಂದರೆ ತಿಪ್ಪೆಗೆ ಹಾಕಿ, ಗಬ್ಬದ ಹಸುವಿಗಂತೂ ತೋರಿಸಲೂ ಬೇಡಿ.

ನಾಲ್ಕು ತಿಂಗಳಿಗೆ 120 ಚೀಲ, ಹಾಳಾಗುವುದೂ ಸೇರಿ ಆರೂವರೆ ಟನ್ ಹಸಿಜೋಳ. ನೀರಾವರಿಯಲ್ಲಿ ಎಕರೆಗೆ 15 ಟನ್ ಹಿಡಿದರೂ ಅರ್ಧ ಎಕರೆಗಿಂತ ಕಡಿಮೆ ಜಾಗ ಸಾಕು. ಗುಂಡಿಯಾದರೆ ಒಂದೇ ದಿನ ತುಂಬಿ ಮುಚ್ಚಬೇಕು, ಚೀಲಕ್ಕೆ ಆ ಗಡಿಬಿಡಿ ಇಲ್ಲ. ಅವತ್ತು ಕತ್ತರಿಸಿದ್ದನ್ನು ಅವತ್ತೇ ಕಟ್ಟಿದರಾಯಿತು. ಟ್ರ್ಯಾಕ್ಟರ್ ಚಾಫ್ ಕಟರ್ ಬಾಡಿಗೆಗೆ ತನ್ನಿ, ಮನೆಯ ಎರಡು ಎಚ್‌ಪಿ ಮೆಷಿನ್‌ನಲ್ಲಿ ಮಾಡಲು ಹೋದರೆ ಇನ್ನೊಂದು ದುಡಿಮೆಯಾಗುತ್ತದೆ.

12 ಕೆಜಿ ರಸಮೇವು ಕೊಟ್ಟ ಮೇಲೆ ಹಸುವಿಗೆ 10 ಕೆಜಿ ನೇಪಿಯರ್, ಮೂರು ನಾಲ್ಕು ಕೆಜಿ ರಾಗಿ ಹುಲ್ಲು ಸಾಕು. ಅಂದರೆ ಕೊಯ್ಯುವುದು 100ರ ಬದಲು 40 ಕೆಜಿ. ಎರಡು ದಿನದ್ದನ್ನು ಒಟ್ಟಿಗೇ ಕೊಯ್ದು ನೆರಳಲ್ಲಿ ಹರಡಿಡಬಹುದು, ರಾಶಿ ಹಾಕಿದರೆ ಮಾತ್ರ ಕಾವೇರುತ್ತದೆ. ಮೊದಲ ದಿನವೇ 12 ಕೆಜಿ ಸುರಿಯಬೇಡಿ. ಮೂರು ಕೆಜಿಯಿಂದ ಶುರುಮಾಡಿ ಎಂಟು ಹತ್ತು ದಿನದಲ್ಲಿ ಏರಿಸಿ.

ಗಂಜಲಗುಂಡಿ

ಮೇಲಿನವರು ಹೇಳಿದ ನೀರಿನ ತೊಟ್ಟಿ ಮಾಡುವುದೇ ಆದರೆ ಕೊಟ್ಟಿಗೆಯೊಳಗೆ ಮಾಡಬೇಡಿ, ಹೊರಗೆ ಮಾಡಿ. ಹಗಲೆಲ್ಲ ಕಟ್ಟಿ ಹಾಕುವುದನ್ನೇ ಬಿಡಬಹುದು. ಒಂದು ಹಸುವಿಗೆ ಸೂರಿನಡಿ 40 ಚದರ ಅಡಿ, ಬಯಲಲ್ಲಿ 80 ಚದರ ಅಡಿ ಲೆಕ್ಕ. ನಾಲ್ಕಕ್ಕೆ ಬಯಲು 320 ಚದರ ಅಡಿ, ಅಂದರೆ 16 ಅಡಿಗೆ 20 ಅಡಿ, ಸುತ್ತ ಐದಡಿ ಎತ್ತರದ ಬೇಲಿ. ಜಿಐ ಪೈಪೇ ಬೇಕೆಂದಿಲ್ಲ, ಕಲ್ಲುಕಂಬಕ್ಕೆ ನೀಲಗಿರಿ ಗಳ ನಾಲ್ಕು ಸಾಲು ಬಿಗಿದರೂ ನಿಲ್ಲುತ್ತದೆ. ಮುಳ್ಳುತಂತಿ ಮಾತ್ರ ಬೇಡ, ಕೆಚ್ಚಲು ಸೀಳುತ್ತದೆ.

ಕಟ್ಟಿದ ಹಸುವಿನ ಸಗಣಿಯನ್ನು ಅದು ಮಲಗುವ ಮುಂಚೆ ಬಾಚಲೇಬೇಕು, ಇಲ್ಲದಿದ್ದರೆ ಕೆಚ್ಚಲು ಅದರ ಮೇಲೇ ಬೀಳುತ್ತದೆ. ಅದಕ್ಕೇ ದಿನಕ್ಕೆ ನಾಲ್ಕೈದು ಸಲ ಓಡಾಟ. ಬಿಟ್ಟ ಹಸು ಒಣಗಿದ ಜಾಗ ಹುಡುಕಿ ಮಲಗುತ್ತದೆ. ಬಯಲಿನ ಸಗಣಿ ದಿನಕ್ಕೊಮ್ಮೆ ಎತ್ತಿದರೆ ಸಾಕು, ಒಣ ಹವೆಯಲ್ಲಿ ಒಂದು ದಿನ ತಪ್ಪಿದರೂ ಮುಳುಗಿ ಹೋಗುವುದಿಲ್ಲ. ತೊಳೆಯುವುದು ಕರೆಯುವ ಜಾಗ ಮಾತ್ರ. ಒಂದೂವರೆ ಗಂಟೆಯ ಕೆಲಸ 40 ನಿಮಿಷಕ್ಕೆ ಬರುತ್ತದೆ. ಬೆದೆಗೆ ಬಂದದ್ದೂ ಕಣ್ಣಿಗೆ ಬೀಳುತ್ತದೆ, ಒಂದರ ಮೇಲೊಂದು ಹತ್ತುತ್ತವಲ್ಲ.

ಎಚ್ಚರ ಎಲ್ಲಿ ಅಂದರೆ, ವರ್ಷಗಟ್ಟಲೆ ಕಟ್ಟಿದ ಹಸುಗಳನ್ನು ಒಟ್ಟಿಗೆ ಬಿಟ್ಟ ಮೊದಲ ಎರಡು ಮೂರು ದಿನ ಗುದ್ದಾಟ ಇರುತ್ತದೆ. ನಿಮ್ಮ ತುಂಬು ಗಬ್ಬದ ಹಸುವನ್ನು ಆಗ ಸೇರಿಸಬೇಡಿ, ಕರು ಹಾಕಿದ ಮೇಲೆ ಸೇರಿಸಿ. ಗೊರಸು ಬೆಳೆದಿದ್ದರೆ ಮೊದಲು ಕತ್ತರಿಸಿ, ಇಲ್ಲದಿದ್ದರೆ ಜಾರುತ್ತದೆ. ಜೋರಿನ ಹಸು ಒಂದಿದ್ದೇ ಇರುತ್ತದೆ. ಫೀಡು ಹಾಕುವಾಗ ಮಾತ್ರ ಕಟ್ಟಿ ಹಾಕಿ, ಇಲ್ಲದಿದ್ದರೆ ಮೆತ್ತಗಿನದಕ್ಕೆ ಏನೂ ಸಿಗುವುದಿಲ್ಲ.

ಮಳೆಗಾಲದಲ್ಲಿ ಮಣ್ಣಿನ ಬಯಲು ರೊಚ್ಚೆಯಾಗುತ್ತದೆ ಅನ್ನುವುದು ನಿಜ. ತೊಟ್ಟಿ ಮತ್ತು ಗೋದಲಿಯ ಮುಂದೆ ಆರಡಿ ಅಗಲ ಕಲ್ಲುಚಪ್ಪಡಿ ಹಾಸಿ, ಉಳಿದದ್ದಕ್ಕೆ ಹೊರಮುಖ ಇಳಿಜಾರು ಕೊಡಿ. ಹತ್ತು ಅಡಿಗೆ ಎರಡೂವರೆ ಇಂಚು ಸಾಕು.

ಮಣಿಕಟ್ಟು

ಮೆಷಿನ್ ವಿಷಯಕ್ಕೆ ಬರುತ್ತೇನೆ. ಸಮಯದ ಲೆಕ್ಕದಲ್ಲಿ ಹಿಂಡಿಬೂಸಾ ಅವರ ಮಾತು ಸರಿ. ಒಂದು ಬಕೆಟ್ಟಿನ ಮೆಷಿನ್ನು ಒಂದು ಹಸುವನ್ನು ಐದಾರು ನಿಮಿಷಕ್ಕೆ ಕರೆಯುತ್ತದೆ, ಕೈಯಲ್ಲಿ ಎಂಟು ಹತ್ತು. ಮೂರು ಹಸುವಿಗೆ ಹನ್ನೆರಡು ನಿಮಿಷ ಉಳಿಯಿತು ಅನ್ನಿ. ಅಷ್ಟೇ ಹೊತ್ತು ಅದನ್ನು ತೊಳೆಯಲು ಬೇಕು. ಮೊದಲು ಉಗುರು ಬೆಚ್ಚಗಿನ ನೀರು, ಆಮೇಲೆ ಬಿಸಿನೀರಿಗೆ ತೊಳೆಯುವ ಪುಡಿ ಹಾಕಿ, ಕೊನೆಗೆ ಬರೀ ನೀರು, ಎರಡೂ ಹೊತ್ತು. ಮೊದಲೇ ಕುದಿಯುವ ನೀರು ಬಿಟ್ಟರೆ ಹಾಲಿನ ಅಂಶ ಕೊಳವೆಗೆ ಅಂಟಿ ಗಟ್ಟಿಯಾಗುತ್ತದೆ, ಆಮೇಲೆ ಡೇರಿಯಲ್ಲಿ ಹಾಲು ಹುಳಿ ಅಂತ ವಾಪಸ್ಸು. ಕರೆಯುವ ಹಸು ಐದಾರು ದಾಟಿದ ಮೇಲೆಯೇ ಸಮಯ ಉಳಿಯುವುದು.

ಆದರೆ ನಿಮ್ಮ ಪ್ರಶ್ನೆಯಲ್ಲಿ ಸಮಯಕ್ಕಿಂತ ದೊಡ್ಡದು ಅಮ್ಮನ ಕೈ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುವುದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಲಕ್ಷಣ. ಹಿಂಡುವುದರಿಂದ ಆಗಬಹುದು, ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದರೂ ಬರಬಹುದು. ಎರಡಕ್ಕೂ ರಕ್ತಪರೀಕ್ಷೆ ಮಾಡಿಸಿ, ಮೂಳೆ ಡಾಕ್ಟರಿಗೆ ತೋರಿಸಿ. ರಾತ್ರಿ ಮಣಿಕಟ್ಟು ಮಡಚದಂತೆ ಪಟ್ಟಿ ಕಟ್ಟಿ ಮಲಗಲು ಹೇಳಬಹುದು. ತಡಮಾಡಿದರೆ ಹೆಬ್ಬೆರಳ ಬುಡದ ಮಾಂಸ ಕರಗಿ, ಹಿಡಿದದ್ದು ಕೈಜಾರುತ್ತದೆ. ಅಲ್ಲಿಗೆ ಹೋಗಲು ಬಿಡಬೇಡಿ.

ಅಮ್ಮ ಹೇಗೆ ಕರೆಯುತ್ತಾರೆ ನೋಡಿ. ನಮ್ಮ ಕಡೆ ಬಹಳ ಮಂದಿ ಹೆಬ್ಬೆರಳು ಮಡಚಿ ಅದರ ಗೆಣ್ಣಿಗೆ ತೊಟ್ಟು ಒತ್ತಿ ಎಳೆಯುತ್ತಾರೆ. ತೊಟ್ಟಿಗೂ ಕೆಟ್ಟದ್ದು, ಬೆರಳ ಕೀಲಿಗೂ ಕೆಟ್ಟದ್ದು. ಮುಷ್ಟಿಯಲ್ಲಿ ಕರೆಯಬೇಕು: ಹೆಬ್ಬೆರಳು ತೋರುಬೆರಳು ತೊಟ್ಟಿನ ಬುಡ ಮುಚ್ಚಿ ಹಾಲು ಮೇಲೆ ಹೋಗದಂತೆ ಹಿಡಿಯುತ್ತವೆ, ಉಳಿದ ಬೆರಳು ಒಂದೊಂದಾಗಿ ಮೇಲಿಂದ ಕೆಳಕ್ಕೆ ಮುಚ್ಚಿಕೊಳ್ಳುತ್ತವೆ, ಎಳೆತವೇ ಇಲ್ಲ. ಮಣಿಕಟ್ಟು ನೇರ ಇರಬೇಕು, ಅದಕ್ಕೆ ಗೇಣು ಮೇಲ್ಪಟ್ಟ ಎತ್ತರದ ಮಣೆ ಬೇಕು. ಕುಕ್ಕರಗಾಲಲ್ಲಿ ಕೂತರೆ ಕೈ ಮೇಲಕ್ಕೆತ್ತಿ ಮಣಿಕಟ್ಟು ಬಾಗುತ್ತದೆ.

ಡಾಕ್ಟರು ಹಿಂಡಬೇಡಿ ಎಂದರೆ, ಆಗ ಮೆಷಿನ್ ತನ್ನಿ. ಸಮಯ ಉಳಿಯುತ್ತದೆ ಅಂತ ಅಲ್ಲ, ಕೈ ಉಳಿಯುತ್ತದೆ ಅಂತ. ಒತ್ತಡದ ಮೀಟರು 42ರಿಂದ 50 ಕಿಲೋಪ್ಯಾಸ್ಕಲ್ ನಡುವೆ ಇರಲಿ, ಮೆಷಿನ್ನು ಹಿಂಡಿ ಬಿಡುವ ಬಡಿತ ನಿಮಿಷಕ್ಕೆ 60. ಹಾಲು ನಿಂತ ಮೇಲೂ ಮೆಷಿನ್ನಿನ ಬಟ್ಟಲನ್ನು ತೊಟ್ಟಿನಿಂದ ತೆಗೆಯದೆ ಬಿಟ್ಟರೆ ತೊಟ್ಟಿನ ತುದಿ ಬಿಳಿ ಉಂಗುರದಂತೆ ಗಟ್ಟಿಯಾಗುತ್ತದೆ, ಅಲ್ಲಿಂದಲೇ ಕೆಚ್ಚಲು ಬಾವು ಶುರು. ಒಳಗಿನ ರಬ್ಬರ್ ಲೈನರ್ ಹರಿದಿರಲಿ ಬಿಡಲಿ, ಆರು ತಿಂಗಳಿಗೆ ಬದಲಿಸಿ. ಕರೆಂಟಿಲ್ಲದ ದಿನಕ್ಕೆ ಅಪ್ಪನಿಗೂ ಕೈಯಲ್ಲಿ ಕರೆಯುವ ರೂಢಿ ಇರಲೇಬೇಕು. ಅಪ್ಪ ಡೇರಿಗೆ ಕ್ಯಾನ್ ಒಯ್ಯುವುದಷ್ಟೇ, ಕರೆಯುವುದೆಲ್ಲ ಅಮ್ಮ ಅನ್ನುವ ಮನೆಯಾದರೆ, ಮೊದಲ ಬದಲಾವಣೆ ಅಲ್ಲಿಂದ. ಅದಕ್ಕೆ ಪೈಸೆ ಖರ್ಚಿಲ್ಲ.

ಹಾಸನದ ಪಶುಮಿತ್ರ

ಇದುವರೆಗೆ ಯಾರೂ ಬತ್ತಿಸುವ ಕಾಲದ ಬಗ್ಗೆ ಮಾತಾಡಿಲ್ಲ. ಹೈನುಗಾರಿಕೆಯಲ್ಲಿ ರಜೆ ಅಂತ ಇದ್ದರೆ ಅದೊಂದೇ. ಕರು ಹಾಕುವ 60 ದಿನ ಮುಂಚೆ ಬತ್ತಿಸಬೇಕು, 45ಕ್ಕಿಂತ ಕಡಿಮೆಯಾದರೆ ಮುಂದಿನ ಸೂಲಿನ ಹಾಲು ಇಳಿಯುತ್ತದೆ. ಈಗ ನಿಮ್ಮ ನಾಲ್ಕೂ ನಾಲ್ಕು ಕಾಲದಲ್ಲಿ ಗಬ್ಬ ಕಟ್ಟುತ್ತಿವೆ, ಹಾಗಾಗಿ ವರ್ಷಪೂರ್ತಿ ಮೂರು ಕರೆಯುತ್ತಲೇ ಇರುತ್ತವೆ. ಎರಡೆರಡರ ಎರಡು ಗುಂಪು ಮಾಡಿ.

ಮೊದಲ ಗುಂಪು: ಗೌರಿ ಹಬ್ಬದ ಆಸುಪಾಸಿನಲ್ಲಿ ಗಬ್ಬ ಕಟ್ಟಿಸುವ ಇಂಜೆಕ್ಷನ್ (ಕೃತಕ ಗರ್ಭಧಾರಣೆ), ಯುಗಾದಿ ಹೊತ್ತಿಗೆ ಬತ್ತಿಸುವುದು, ಮುಂಗಾರು ಹಿಡಿಯುವಾಗ ಕರು. ಲೆಕ್ಕಕ್ಕೆ, ಆಗಸ್ಟ್ 25ರಂದು ಗಬ್ಬ ಕಟ್ಟಿದರೆ 280 ದಿನಕ್ಕೆ ಜೂನ್ 1. ಏಪ್ರಿಲ್, ಮೇ ತಿಂಗಳಲ್ಲಿ ಹಸಿಮೇವಿಗೆ ಬರ, ಬಿಸಿಲು, ಮದುವೆ, ಜಾತ್ರೆ. ಆಗ ಇವೆರಡು ಬತ್ತಿರುತ್ತವೆ. ಕರು ಹಾಕಿ ಹಾಲು ಏರುವಾಗ ಬದುಗಳ ಮೇಲೆಲ್ಲ ಹುಲ್ಲಿರುತ್ತದೆ. ಆಗಸ್ಟಿನ ತಂಪಿನಲ್ಲಿ ಗಬ್ಬ ನಿಲ್ಲುವುದೂ ಏಪ್ರಿಲ್‌ಗಿಂತ ಸಲೀಸು. ಎರಡನೇ ಗುಂಪು: ಮಾರ್ಚ್ ಮೊದಲ ವಾರ ಇಂಜೆಕ್ಷನ್, ಡಿಸೆಂಬರ್ ಎರಡನೇ ವಾರದ ಹೊತ್ತಿಗೆ ಕರು. ಇವು ಅಕ್ಟೋಬರ್, ನವೆಂಬರಿನಲ್ಲಿ ಬತ್ತಿರುತ್ತವೆ, ರಾಗಿ ಕೊಯ್ಲಿಗೆ ಸರಿಯಾಗಿ. ವರ್ಷಕ್ಕೆ ನಾಲ್ಕು ತಿಂಗಳು ಎರಡೇ ಹಸು ಕರೆದರೆ ಸಾಕು. ಡೇರಿಯ ಹಾಲಿನ ದುಡ್ಡಿನ ಬಟವಾಡೆ ಪೂರ್ತಿ ನಿಲ್ಲುವುದೂ ಇಲ್ಲ. ನಾಲ್ಕನ್ನೂ ಒಟ್ಟಿಗೇ ಬತ್ತಿಸಿ ಎರಡು ತಿಂಗಳು ಪೂರ್ತಿ ರಜೆ ಮಾಡಬಹುದು, ಆದರೆ ಆ ಎರಡು ತಿಂಗಳ ಫೀಡಿನ ಸಾಲ ಯಾರು ಕಟ್ಟುತ್ತಾರೆ ಅಂತ ಮೊದಲು ನೋಡಿಕೊಳ್ಳಿ.

ಇದು ಒಂದೇ ವರ್ಷದಲ್ಲಿ ಆಗುವ ಕೆಲಸವಲ್ಲ. ಒಂದು ಇಂಜೆಕ್ಷನ್ನಿಗೇ ಎಲ್ಲವೂ ನಿಲ್ಲುವುದಿಲ್ಲ, ತಪ್ಪಿದರೆ 21 ದಿನ ಮುಂದಕ್ಕೆ ಹೋಯಿತು. ಕರು ಹಾಕಿ 60 ದಿನದೊಳಗೆ ಕೊಡಿಸಬೇಡಿ. ಹಾಗೆಯೇ ತಿಂಗಳು ಹೊಂದಿಸಲೆಂದು ಐದು ತಿಂಗಳು ದಾಟಿಸಿ ಕಾಯಿಸಲೂ ಬೇಡಿ, ನಷ್ಟ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ.

ಬತ್ತಿಸುವಾಗ ಮೊದಲು ಫೀಡು ನಿಲ್ಲಿಸಿ. ಐದು ಲೀಟರಿಗೆ ಇಳಿದ ಮೇಲೆ ಒಂದು ದಿನ ಪೂರ್ತಿ ಕರೆದು ತೊಟ್ಟಿಗೆ ಬತ್ತಿಸುವ ಟ್ಯೂಬ್ ಹಾಕಿಸಿ, ಆಮೇಲೆ ಮುಟ್ಟಬೇಡಿ. ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಕರೆಯುತ್ತಾ ಹೋದರೆ ತೊಟ್ಟಿನ ಬಾಯಿ ಮುಚ್ಚುವುದೇ ಇಲ್ಲ. ಬತ್ತಿದ ಹಸು ಅಂತ ಬರೀ ಹುಲ್ಲು ಹಾಕಿ ಬಿಡಬಾರದು, ಕೊನೆಯ ತಿಂಗಳಲ್ಲಿ ನಿಧಾನಕ್ಕೆ ಎರಡು ಮೂರು ಕೆಜಿ ಫೀಡಿಗೆ ತನ್ನಿ. ಆಗ ಕೊಡಬೇಕಾದ ಖನಿಜ ಮಿಶ್ರಣವೇ ಬೇರೆ, ನಿಮ್ಮ ಡಾಕ್ಟರನ್ನು ಕೇಳಿ.

ಇನ್ನೊಂದು, ರಾತ್ರಿ ನಿದ್ದೆಗೆ ಸಂಬಂಧಿಸಿದ್ದು. ಗಬ್ಬದ ಹಸುವಿಗೆ ಕೊನೆಯ ಎರಡು ಮೂರು ವಾರ ದೊಡ್ಡ ಮೇವನ್ನು ರಾತ್ರಿ ಒಂಬತ್ತು ಗಂಟೆ ಮೇಲೆ ಹಾಕಿದರೆ ಹಗಲಲ್ಲಿ ಕರು ಹಾಕುವ ಸಂಭವ ಹೆಚ್ಚು. ಗ್ಯಾರಂಟಿ ಅಲ್ಲ. ಬಾಲದ ಬುಡದ ಎರಡು ಪಕ್ಕದ ನರ ಬೆಣ್ಣೆಯಂತೆ ಮೆತ್ತಗಾದರೆ ಒಂದು ದಿನದೊಳಗೆ ಕರು ಅಂತ ಲೆಕ್ಕ, ಆ ರಾತ್ರಿ ಎದ್ದು ನೋಡಿ. ಅದಕ್ಕೆ ಮುಂಚಿನ ಹತ್ತು ರಾತ್ರಿ ಸುಮ್ಮನೆ ನಿದ್ದೆಗೆಡುವ ಅಗತ್ಯವಿಲ್ಲ.

ಮೂರೇ_ಸಾಕು

ಹಸು ಮಾರುವುದಿಲ್ಲ ಅಂತ ಮೊದಲೇ ಬೇಲಿ ಹಾಕಿದ್ದೀರಿ, ಆದರೂ ಹೇಳುತ್ತೇನೆ. ಮೈ ಕಾಯ್ದುಕೊಳ್ಳಲು ಒಂದು ಹಸು ತಿನ್ನುವ ಒಂದೂವರೆ ಕೆಜಿ ಫೀಡು, ಹಸಿಮೇವು, ನಾವು ಬಾಚುವ ಸಗಣಿ ಅದು 6 ಲೀಟರ್ ಕೊಟ್ಟರೂ ಹೆಚ್ಚುಕಡಿಮೆ ಅಷ್ಟೇ, 12 ಕೊಟ್ಟರೂ ಅಷ್ಟೇ. ಹಾಲಿಗೆ ಅಂತ ಹೆಚ್ಚಾಗುವುದು ಲೀಟರಿಗೆ 400 ಗ್ರಾಂ ಚಿಲ್ಲರೆ ಫೀಡು, ಒಂದಿಷ್ಟು ನೀರು ಮಾತ್ರ. ಮೂರು ಹಸುವನ್ನು ಚೆನ್ನಾಗಿ ಮೇಯಿಸಿ ಹನ್ನೆರಡರಂತೆ ಕರೆದರೆ 36 ಲೀಟರ್, ನಾಲ್ಕನ್ನು ಅರೆಹೊಟ್ಟೆಯಲ್ಲಿಟ್ಟು ಒಂಬತ್ತರಂತೆ ಕರೆದರೂ 36. ಆ 6 ಲೀಟರಿನದ್ದು ಎಷ್ಟನೇ ಸೂಲು, ಕರು ಹಾಕಿ ಎಷ್ಟು ತಿಂಗಳಾಯಿತು ಅಂತ ಬರೆದಿಲ್ಲ. ಎಂಟನೇ ತಿಂಗಳಾಗಿದ್ದರೆ ಸರಿ, ಇಟ್ಟುಕೊಳ್ಳಿ. ಮೂರನೇ ತಿಂಗಳಿಗೇ 6 ಆಗಿದ್ದರೆ ಅದು ನಿಮ್ಮಿಬ್ಬರು ಹಿರಿಯರ ಕೈಯಲ್ಲಿ ಪುಕ್ಕಟೆ ಚಾಕರಿ ಮಾಡಿಸಿಕೊಳ್ಳುತ್ತಿದೆ.

ರಾಗಿಕಣ

ಎಲ್ಲರಿಗೂ ನಮಸ್ಕಾರ. 6 ಲೀಟರಿನದ್ದು ಕರು ಹಾಕಿ ಒಂಬತ್ತು ತಿಂಗಳಾಗಿದೆ, ಆರು ತಿಂಗಳ ಗಬ್ಬ. ಹಾಗಾಗಿ ಬಚಾವ್! ಕೈ ಪರೀಕ್ಷೆ ಈ ವಾರವೇ ಮಾಡಿಸುತ್ತೇವೆ. ಕರೆಯುವುದು ಅಮ್ಮನೇ ಎಂಬುದೂ ನಿಜ.

ಎರಡು ಉಳಿಯಿತು. ದಿನಕ್ಕೆ ಒಂದೇ ಹೊತ್ತು ಕರೆಯುವ ಪದ್ಧತಿ ಇದೆಯಂತೆ, ಭಾನುವಾರ ಸಂಜೆ ಬಿಟ್ಟರೆ ಆಗುತ್ತದಾ? ಮತ್ತೆ ಆ ಎರಡು ದಿನದ ಊರಿಗೆ ಹೋಗುವ ಮಾತು.

ಹಿಂಡಿಬೂಸಾ

ಒಂದೇ ಹೊತ್ತು ಕರೆಯುವುದು ನ್ಯೂಜಿಲೆಂಡಿನ ಕೆಲವು ಫಾರಂಗಳಲ್ಲಿದೆ. ಹುಲ್ಲು ಮೇದು ಕಡಿಮೆ ಹಾಲು ಕೊಡುವ ಹಸು, ಸೂಲು ಪೂರ್ತಿ ಅದೇ ರೂಢಿ. ಹಾಲು ಕಾಲುಭಾಗದಷ್ಟು ಹೋಗುತ್ತದೆ ಅಂತ ಗೊತ್ತಿದ್ದೇ ಮಾಡುತ್ತಾರೆ. ನಿಮ್ಮ 11 ಮತ್ತು 9 ಲೀಟರಿನವಕ್ಕೆ ಬೇಡ. ವಾರಕ್ಕೊಮ್ಮೆ ಮಾತ್ರ ಬಿಟ್ಟರೆ ಕೆಚ್ಚಲು ಬಿಗಿದು ಹಾಲು ಸೋರಬಹುದು, ಒಳಗೊಳಗೇ ಬಾವು ಇದ್ದರೆ ಹೊರಬರಬಹುದು. ಆರು ತಿಂಗಳ ಗಬ್ಬದ್ದನ್ನು ಮಾತ್ರ ಇನ್ನು ಮೂರು ವಾರದ ಮೇಲೆ, ಹೇಗೂ ಬತ್ತಿಸುವ ದಾರಿಯಲ್ಲಿ, ಒಂದು ಹೊತ್ತಿಗೆ ಇಳಿಸಬಹುದು.

ಸಂಜೆ ಬಿಡುವುದರ ಬದಲು ಹಿಂದಕ್ಕೆ ತನ್ನಿ. ಬೆಳಿಗ್ಗೆ 5:30ಕ್ಕೆ ಕರೆದ ದಿನ ಮಧ್ಯಾಹ್ನ 3:30ಕ್ಕೆ ಕರೆಯಿರಿ. 10 ಮತ್ತು 14 ಗಂಟೆಯ ಅಂತರವನ್ನು ಇಷ್ಟು ಹಾಲಿನ ಹಸು ತಡೆಯುತ್ತದೆ, ನಷ್ಟ ಕೈಗೆ ಹತ್ತುವಷ್ಟಿಲ್ಲ. ಹಾಲು ಸೋಸಿ, ಕ್ಯಾನಿನ ಮುಚ್ಚಳ ಹಾಕಿ, ಕತ್ತಿನವರೆಗೆ ತಣ್ಣೀರಿನ ತೊಟ್ಟಿಯಲ್ಲಿ ನಿಲ್ಲಿಸಿ. ಪಕ್ಕದ ಮನೆಯವರು 5 ಗಂಟೆಗೆ ತಮ್ಮದರ ಜೊತೆ ಒಯ್ದು ನಿಮ್ಮ ನಂಬರಿಗೆ ಹಾಕಿಸಲಿ. ಬಿಸಿಲಲ್ಲಿ ಇಟ್ಟರೆ ಒಡೆಯುತ್ತದೆ. ರಾತ್ರಿಯ ಹುಲ್ಲು, ಮಾರನೇ ದಿನದ ಫೀಡು ಮೊದಲೇ ಅಳೆದಿಟ್ಟರೆ 4:30ರಿಂದ ಮಲಗುವವರೆಗೆ ಇಬ್ಬರೂ ಬಿಡುವು. ಪಕ್ಕದವರಿಗೂ ಒಂದು ಸಂಜೆ ನೀವು ಹಾಗೇ ಮಾಡಿ.

ಎರಡು ದಿನಕ್ಕೂ ಅದೇ ಮುಯ್ಯಾಳಿನ ಲೆಕ್ಕ, ಅವರ ಕೆಲಸಕ್ಕೆ ನೀವು, ನಿಮ್ಮ ಕೆಲಸಕ್ಕೆ ಅವರು. ನಾಟಿಗೆ, ಕೊಯ್ಲಿಗೆ ಮುಯ್ಯಿ ಹೋಗುವವರು ಹಾಲಿಗೆ ಯಾಕೆ ಹೋಗಬಾರದು? ಹೋಗುವ ಹಿಂದಿನ ದಿನ ಕರೆದು ತೋರಿಸಿದರೆ ಆಗುವುದಿಲ್ಲ, ಗುರುತಿಲ್ಲದ ಕೈಗೆ ಹಸು ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಎರಡು ಮೂರು ಹೊತ್ತು ಅವರು ಪಕ್ಕದಲ್ಲಿ ಕೂತು ಒಂದೆರಡು ತೊಟ್ಟು ಕರೆಯಲಿ, ಮುಂದಿನ ಎರಡು ಹೊತ್ತು ಅವರೇ ಕರೆಯಲಿ, ಅಮ್ಮ ಕಣ್ಣಳತೆಯಲ್ಲಿ ನಿಲ್ಲಲಿ. ಆಮೇಲೆ ಬಿಡಿ. ಕರುವನ್ನು ಮೊದಲು ಕುಡಿಯಲು ಬಿಟ್ಟರೆ ಮಾತ್ರ ಹಾಲು ಇಳಿಸುವ ಹಸುವಾದರೆ ಈ ಕಷ್ಟ ಇಮ್ಮಡಿ. ಮುಂದಿನ ಸೂಲಿನಿಂದ ಕರುವನ್ನು ಹುಟ್ಟಿದಾಗಲೇ ಬೇರೆ ಮಾಡಿ, ಗಿಣ್ಣುಹಾಲನ್ನು ಒಂದು ಗಂಟೆಯೊಳಗೆ ಬಾಟಲಿಯಲ್ಲಿ ಕುಡಿಸಿ ರೂಢಿ ಮಾಡಿ.

ಕೊಟ್ಟಿಗೆ ಗೋಡೆಗೆ ಒಂದು ರಟ್ಟು ತೂಗುಹಾಕಿ. ಪ್ರತಿ ಹಸುವಿನ ಹೆಸರು, ಬೆಳಿಗ್ಗೆ ಸಂಜೆ ಫೀಡು ಎಷ್ಟು ಕೆಜಿ, ಯಾವ ತೊಟ್ಟು ಬಿಗಿ, ಯಾವುದು ಒದೆಯುತ್ತದೆ, ಯಾವ ಕಡೆಯಿಂದ ಹತ್ತಿರ ಹೋಗಬೇಕು. ಫೀಡು "ಒಂದು ಮಂಕರಿ" ಅಂತ ಬರೆಯಬೇಡಿ. ಅಮ್ಮನ ಮಂಕರಿಯೇ ಬೇರೆ, ಪಕ್ಕದವರ ಮಂಕರಿಯೇ ಬೇರೆ, ಒಂದೇ ದಿನ ಎರಡು ಕೆಜಿ ಹೆಚ್ಚಾದರೆ ಹೊಟ್ಟೆ ಕೆಡುತ್ತದೆ. ಡಬ್ಬಿಯೊಂದಕ್ಕೆ ಗೆರೆ ಎಳೆದಿಡಿ. ಕೆಳಗೆ ನಿಮ್ಮ ಡಾಕ್ಟರ ನಂಬರು, ಪಶು ಸಹಾಯವಾಣಿ 1962. ಔಷಧಿ ಕೊಟ್ಟ ಹಸು ಇದ್ದರೆ ಅದರ ಹಾಲನ್ನು ಎಷ್ಟು ದಿನ ಡೇರಿಗೆ ಹಾಕಬಾರದು ಎಂದು ಕೆಂಪು ಅಕ್ಷರದಲ್ಲಿ.

ಅವರ ಕೊಟ್ಟಿಗೆಯಲ್ಲಿ ಕೆಚ್ಚಲು ಬಾವು ಇದ್ದರೆ ಆ ವಾರ ಬೇರೆ ಯಾರನ್ನಾದರೂ ನೋಡಿ. ಇಲ್ಲದಿದ್ದರೂ ಸೋಪು ಹಾಕಿ ಕೈ ತೊಳೆದು ನಿಮ್ಮ ಬಕೆಟ್ಟನ್ನೇ ಮುಟ್ಟಲಿ.

ಮಣಿಕಟ್ಟು

ರಟ್ಟಿಗೆ ಒಂದು ಸೇರಿಸಿ: ಕರೆಯುವ ಮುಂಚೆ ಪ್ರತಿ ತೊಟ್ಟಿನ ಮೊದಲ ಎರಡು ಧಾರೆ ಕಪ್ಪು ಬಟ್ಟಲಿಗೆ. ಹೆಪ್ಪು ತುಣುಕು ಕಂಡರೆ ಆ ಹಸುವನ್ನು ಕೊನೆಗೆ ಕರೆಯಬೇಕು. ಕರೆದಾದ ಮೇಲೆ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಕೂಡಲೇ ಹುಲ್ಲು ಹಾಕಬೇಕು. ಹಸು ಅರ್ಧ ಗಂಟೆ ನಿಂತೇ ಇರುತ್ತದೆ, ಅಷ್ಟರಲ್ಲಿ ತೊಟ್ಟಿನ ಬಾಯಿ ಮುಚ್ಚಿಕೊಳ್ಳುತ್ತದೆ.